ಕಾಶಿ ಹಿಂದೂ ವಿಶ್ವವಿದ್ಯಾಲಯದ ಮೂಲನಿಧಿ

ಪಂಡಿತ ಮದನಮೋಹನ ಮಾಲವೀಯರ ಜೋಳಿಗೆಯನ್ನು ಕುರಿತು ಹಲವು ಕಥೆಗಳು ಪ್ರಚಾರದಲ್ಲಿವೆ. ಹೈದರಾಬಾದಿನ ನಿಜಾಮರು ತಿರಸ್ಕಾರದಿಂದ ಎಸೆದ ಪಾದರಕ್ಷೆಯನ್ನೇ ಅವರು ಹರಾಜಿಗಿಟ್ಟರೆಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಕೇಳಲು ರಂಜಕವಾದರೂ ಇದು ದಂತಕಥೆಯ ಸಾಲಿಗೆ ಸೇರುವಂಥದು. ಇಂಥ ಕಥೆಗಳಿಂದ ಒಂದು ಅನ್ಯಾಯವೂ ಆಗಿದೆ. ಮಾಲವೀಯರು ಬೇಡಿದ ಬಗೆಯಷ್ಟೇ ಜನರ ನೆನಪಿನಲ್ಲಿ ಉಳಿದು, ಬೇಡಿ ತಂದ ಹಣವನ್ನು ಯಾವ ಕಟ್ಟುಪಾಡಿಗೆ ಒಳಪಡಿಸಲಾಯಿತೆಂಬ ಮುಖ್ಯ ಸಂಗತಿ ಮರೆಯಾಗಿದೆ.

1911ರಲ್ಲಿ ಹಿಂದೂ ವಿಶ್ವವಿದ್ಯಾಲಯ ಸಂಘವು ಸ್ಥಾಪನೆಗೊಂಡಿತು. ಶ್ರೀಮತಿ ಆನಿ ಬೆಸೆಂಟರು 1898ರಲ್ಲಿ ಕಾಶಿಯಲ್ಲಿ ಆರಂಭಿಸಿದ್ದ ಸೆಂಟ್ರಲ್ ಹಿಂದೂ ಕಾಲೇಜು ಈ ಯೋಜನೆಯಲ್ಲಿ ಸೇರಿಕೊಂಡುದರಿಂದ ಭಾವೀ ವಿಶ್ವವಿದ್ಯಾಲಯಕ್ಕೆ ಸಿದ್ಧ ತಳಹದಿಯೊಂದು ದೊರೆಯಿತು. ಆದರೆ ಭಾರತ ಸರಕಾರದ ಶಿಕ್ಷಣ ಸದಸ್ಯ ಸರ್ ಹಾರ್ಕೋರ್ಟ್ ಬಟ್ಲರರು, 50 ಲಕ್ಷ ರೂಪಾಯಿಗಳ ನಿಧಿ ಕೂಡದೆ ಮಸೂದೆ ಮುಂದೆ ಸಾಗದೆಂದು ತಿಳಿಸಿದರು. ಮಾಲವೀಯರು ವಕೀಲಿ ವೃತ್ತಿಯನ್ನು ಬದಿಗಿಟ್ಟರು. ದರ್ಭಾಂಗದ ಮಹಾರಾಜ ರಾಮೇಶ್ವರ ಸಿಂಹರು ಸ್ವತಃ ದಾನಿಗಳಾಗಿ, ನಿಯೋಗದ ಮುಂದಾಳುಗಳೂ ಆದರು. ರಾಜನೊಬ್ಬನೇ ಬೇಡಲು ಬಾಗಿಲಿಗೆ ಬಂದಾಗ ಇತರ ರಾಜರು ಇಲ್ಲವೆನ್ನುವುದು ಸುಲಭವಲ್ಲ. ಈ ಮರ್ಮವನ್ನು ಮಾಲವೀಯರು ಚೆನ್ನಾಗಿ ಬಲ್ಲವರಾಗಿದ್ದರು.

1915ರ ಕಾಯಿದೆಯ 14ನೆಯ ವಿಧಿಯು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ವಿಶ್ವವಿದ್ಯಾಲಯವು 50 ಲಕ್ಷ ರೂಪಾಯಿಗಳನ್ನು ಶಾಶ್ವತ ನಿಧಿಯಾಗಿ ಭದ್ರ ಸಾಲಪತ್ರಗಳಲ್ಲಿ ತೊಡಗಿಸಿಯೇ ಇರತಕ್ಕದ್ದು. ನಿತ್ಯದ ವೆಚ್ಚ ಅದರ ಉತ್ಪನ್ನದಿಂದ ಸಾಗತಕ್ಕದ್ದು ಎಂಬುದು ಅದರ ತಾತ್ಪರ್ಯ. ಆದರೆ ಅದೇ ವಿಧಿಯಲ್ಲಿ ಒಂದು ಸಡಿಲಿಕೆಯೂ ಉಂಟು. ದೇಶೀಯ ರಾಜರು ಶಾಶ್ವತವಾಗಿ ಬರೆದುಕೊಟ್ಟ ವರ್ಷಾಶನವನ್ನೂ ಸ್ಥಿರಾಸ್ತಿಯ ಆದಾಯವನ್ನೂ ಮೂಲಧನದ ಲೆಕ್ಕಕ್ಕೆ ಪರಿವರ್ತಿಸಿ, ಅಷ್ಟನ್ನು 50 ಲಕ್ಷದಿಂದ ಕಳೆಯಬಹುದಾಗಿತ್ತು. ನೂರಕ್ಕೆ ಮೂರೂವರೆ ಬಡ್ಡಿಯ ದರದಲ್ಲಿ ಲೆಕ್ಕ ಹಾಕಿದರೆ, ವರ್ಷಕ್ಕೆ 3,500 ರೂಪಾಯಿ ಕೊಡುವ ಸಂಸ್ಥಾನವು ಒಂದು ಲಕ್ಷ ಕೊಟ್ಟುದಕ್ಕೆ ಸಮ. ಭಂಡಾರದಿಂದ ಲಕ್ಷವನ್ನು ಒಮ್ಮೆಗೇ ತೆಗೆಯಲು ಹಿಂಜರಿಯುವ ದೊರೆಗೆ ಇದು ಹಗುರವೆನಿಸುತ್ತಿತ್ತು. ಅವನ ಉತ್ತರಾಧಿಕಾರಿಯೂ ಆ ಮಾತಿಗೆ ಕಟ್ಟುಬೀಳುತ್ತಿದ್ದನು. ಅಗ್ರಹಾರಗಳಿಗೂ ಮಠಗಳಿಗೂ ಭೂಮಿಯ ಉತ್ಪನ್ನವನ್ನು ಬಿಟ್ಟುಕೊಡುತ್ತಿದ್ದ ಪುರಾತನ ದತ್ತಿಯ ಕ್ರಮವೇ ಇಲ್ಲಿ ಕಾಯಿದೆಯ ಭಾಷೆಯನ್ನು ತಳೆದಂತಿದೆ.

ಈ ಕಟ್ಟಿನ ಇನ್ನೊಂದು ಮುಖ ಅಷ್ಟು ಸುಖಕರವಲ್ಲ. ಪೂರ್ಣ 50 ಲಕ್ಷಕ್ಕೂ ಅದೇ ದರದಲ್ಲಿ ವರ್ಷಕ್ಕೆ ಬರುವುದು 1,75,000 ರೂಪಾಯಿ ಮಾತ್ರ. ಕಾಶೀನರೇಶ ಪ್ರಭುನಾರಾಯಣ ಸಿಂಹರ ಔದಾರ್ಯದಿಂದ ಸುಮಾರು 1,300 ಎಕರೆ ವಿಸ್ತಾರದ ಕ್ಷೇತ್ರ ಒದಗಿತ್ತು. ಅಲ್ಲಿ ಮೇಲೇಳಬೇಕಾದ ಕಟ್ಟಡಗಳಿಗೆ ಮೂಲನಿಧಿಯನ್ನು ಮುಟ್ಟುವಂತಿರಲಿಲ್ಲ. ಆದುದರಿಂದ ನಿಧಿ ಕೂಡಿದ ಮೇಲೂ ಜೋಳಿಗೆ ಕೆಳಗಿಳಿಯಲಿಲ್ಲ.

ದಾನಿಗಳ ಮನಸ್ಸಿಗೆ ನೋವಾಗುವ ಪ್ರಸಂಗವೂ ಬೇಗನೆ ಒದಗಿತು. 1916ನೆಯ ಫೆಬ್ರವರಿ 4ರಂದು ಲಾರ್ಡ್ ಹಾರ್ಡಿಂಜರು ಅಸ್ತಿಭಾರ ಶಿಲೆಯನ್ನು ಇಟ್ಟರು. ಎರಡು ದಿನಗಳ ಅನಂತರ ದರ್ಭಾಂಗ ಮಹಾರಾಜರ ಅಧ್ಯಕ್ಷತೆಯ ಸಭೆಯಲ್ಲಿ ಗಾಂಧೀಜಿಯವರು, ಮೈತುಂಬ ರತ್ನಾಭರಣ ತೊಟ್ಟು ಕುಳಿತ ರಾಜರನ್ನು ನೇರವಾಗಿ ಟೀಕಿಸಿ, ಆ ಸಂಪತ್ತನ್ನು ದೇಶಬಾಂಧವರ ಪರವಾದ ನಿಕ್ಷೇಪವೆಂದು ಭಾವಿಸಬೇಕೆಂದರು. ಬೆಸೆಂಟರು ನಡುವೆ ತಡೆದರು, ರಾಜರು ಎದ್ದುಹೋದರು, ಸಭೆ ಅರ್ಧದಲ್ಲೇ ಮುಗಿಯಿತು. ಯಾರ ವರ್ಷಾಶನದಿಂದ ಮೂಲಧನದ ಲೆಕ್ಕ ತುಂಬಬೇಕಾಗಿತ್ತೋ ಅವರೆದುರಿಗೇ ಆಡಿದ ಮಾತು ಅದು. ಅದು ಸತ್ಯವಾಗಿತ್ತೆಂಬುದೇ ಮಾಲವೀಯರ ಇಕ್ಕಟ್ಟು.

ಅದೇ ವರ್ಷ ಮೈಸೂರಿನಲ್ಲಿಯೂ ವಿಶ್ವವಿದ್ಯಾಲಯವೊಂದು ಉದಯಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಎರಡಕ್ಕೂ ಪ್ರಥಮ ಕುಲಾಧಿಪತಿಗಳಾದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಮೈಸೂರಿನದು ಸಂಸ್ಥಾನದ ಬೊಕ್ಕಸವನ್ನು ನಂಬಿದ ವಿಶ್ವವಿದ್ಯಾಲಯ. ಅದರ ಪ್ರಥಮ ಕುಲಪತಿ ಎಚ್. ವಿ. ನಂಜುಂಡಯ್ಯನವರು ಊರೂರು ಅಲೆದು ಯಾಚಿಸಬೇಕಾಗಿರಲಿಲ್ಲ. ಕಾಶಿಯಲ್ಲಾದರೋ ಮಾಲವೀಯರು 1919ರಲ್ಲಿ ಕುಲಪತಿ ಪೀಠವನ್ನೇರಿ ಸುಮಾರು ಎರಡು ದಶಕ ಆ ಹೊಣೆಯನ್ನು ಹೊತ್ತರು. ಒಂದೊಂದು ಕಟ್ಟಡಕ್ಕೂ ಹೊಸ ದಾನಿಯನ್ನು ಅರಸುತ್ತ ಪ್ರವಾಸದಲ್ಲೇ ಇದ್ದರು.