ಹುಬ್ಬಳ್ಳಿಯ ಪ್ಲೇಗೂ ಸೂಜಿಯ ಲೆಕ್ಕವೂ

1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಹೊಕ್ಕಾಗ ಊರಿನ ಜನಸಂಖ್ಯೆ ಸುಮಾರು 50,000. ಹಿಂದಿನ ವರ್ಷ ಮುಂಬಯಿಯಲ್ಲಿ ಹಾಫ್ಕಿನ್ ಪಂಡಿತನು ಸಿದ್ಧಪಡಿಸಿದ ಚುಚ್ಚುಮದ್ದನ್ನು ಲಾಯ್ಮನ್ ಎಂಬ ವೈದ್ಯಾಧಿಕಾರಿಯೂ ಆತನ ಸಂಗಡಿಗರೂ ಇಲ್ಲಿ 35,000ಕ್ಕೂ ಮೇಲ್ಪಟ್ಟ ಜನರಿಗೆ ಹಾಕಿದರು. ಸೂಜಿ ಹಾಕಿಸಿಕೊಂಡವರಲ್ಲಿ ಮರಣ ಬಹು ಕಡಮೆಯೆಂದು ಲೆಕ್ಕ ಹೊರಟಿತು.

ಆದರೆ ಲೆಕ್ಕದ ಛೇದವೇ ನಿಲ್ಲದು. ಪ್ಲೇಗಿನ ಕಾಲದಲ್ಲಿ ಜನರು ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಕಟ್ಟುತ್ತಿದ್ದರು, ನೆಂಟರ ಹಳ್ಳಿಗಳಿಗೆ ಹೋಗುತ್ತಿದ್ದರು. ಇದೇ ತಾಲ್ಲೂಕಿನ ಶಿರಗುಪ್ಪಿಗೆ ಒಂದು ಕುಟುಂಬ ಹೊರಟುಹೋಯಿತೆಂದು ಭಾವಿಸೋಣ. ಸೂಜಿಯಿಲ್ಲದವರ ಸಾಲಿನಲ್ಲಿ ಅವರನ್ನು ಎಣಿಸಬೇಕೆ, ಬಿಡಬೇಕೆ? ಎಣಿಸಿದರೆ ಆ ಸಾಲಿನ ಸಾವಿನ ಪ್ರಮಾಣ ಇಳಿಯುವುದು, ಬಿಟ್ಟರೆ ಏರುವುದು. ಇನ್ನು ಸೂಜಿಗೆ ತಾವಾಗಿ ಬಂದವರು ಗಟ್ಟಿಮುಟ್ಟಾದವರೋ, ಹಾಸಿಗೆ ಹಿಡಿದವರು ಹಿಂದುಳಿದರೋ? ಹಾಗಿದ್ದಲ್ಲಿ ದೇಹಬಲದ ಫಲವು ಮದ್ದಿನ ಖಾತೆಗೆ ಜಮೆಯಾಗುವುದು. ಪ್ಲೇಗು ಕಮಿಷನ್ನಿನವರು ಇಲ್ಲಿಯ ಅಂಕಿಗಳ ಖಚಿತತೆಯನ್ನು ಶಂಕಿಸಿದರು. ಆದರೂ ಮದ್ದು ರೋಗವನ್ನೂ ಮರಣವನ್ನೂ ತಗ್ಗಿಸುವುದೆಂದು ಒಪ್ಪಿದರು. ನಮಗೆ ಈ ಎರಡು ಮಾತೂ ನ್ಯಾಯವೆಂದೇ ತೋರುತ್ತವೆ.

ಹಾಫ್ಕಿನನಿಗೆ ಈ ತೊಡಕು ತಿಳಿಯದ್ದಲ್ಲ. ಅದೇ ವರ್ಷ ಬರೋಡಾ ಸಂಸ್ಥಾನದ ಉಂಧೇರಾ ಗ್ರಾಮದಲ್ಲಿ ಆತನು ಮನೆಮನೆಗೂ ಹೋಗಿ, ಒಂದೇ ಕುಟುಂಬದ ಸುಮಾರು ಅರ್ಧ ಮಂದಿಗೆ ಮಾತ್ರ ಸೂಜಿ ಹಾಕಿದನು. ಒಂದೇ ಸೂರು, ಒಂದೇ ಅನ್ನ, ಅವೇ ಇಲಿಗಳು! ರೋಗ ತಗುಲಿದ 28 ಕುಟುಂಬಗಳಲ್ಲಿ ಸೂಜಿಯುಳ್ಳ 71 ಮಂದಿಯಲ್ಲಿ 3 ಸಾವು. ಇಲ್ಲದ 64 ಮಂದಿಯಲ್ಲಿ 26. ಹುಬ್ಬಳ್ಳಿಯ ಸಾವಿರಾರು ಹೆಸರುಗಳಿಗಿಂತ ಈ 135 ಮಂದಿಯ ಸಾಕ್ಷ್ಯ ಹೆಚ್ಚು ಬಲವಾದದ್ದು. ಆದರೆ ಅರ್ಧವನ್ನು ಆರಿಸಿದ್ದು ಮನುಷ್ಯನ ಕಣ್ಣೇ, ಚೀಟಿಯಲ್ಲ. ಆ ಕಣ್ಣು ಎಷ್ಟೇ ಪ್ರಾಮಾಣಿಕವಾದರೂ, ಬಡಕಲು ಮಗುವನ್ನು ಕಂಡು ಸೂಜಿ ತಡೆದಿರಬಹುದು.

ರೋಗನಿರ್ಣಯದಲ್ಲಿಯೂ ಇದೇ ಅಪಾಯವುಂಟು. ಸೂಜಿಯ ಚೀಟಿ ಹಿಡಿದವನಿಗೆ ಜ್ವರ ಬಂದರೆ ಬರಿಯ ಜ್ವರವೆಂದೂ, ಚೀಟಿಯಿಲ್ಲದವನದು ಪ್ಲೇಗೆಂದೂ ಬರೆಯುವುದು ವೈದ್ಯನ ಕೈಗೆ ಸುಲಭ.

ಚೀಟಿ ಎತ್ತುವ ಕ್ರಮವು ಬಳಕೆಗೆ ಬರಲು ಅರ್ಧ ಶತಮಾನ ಹಿಡಿಯಿತು. 1948ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಕ್ಷಯರೋಗದ ಪರೀಕ್ಷೆಯಲ್ಲಿ, ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞನು ಯಾದೃಚ್ಛಿಕ ಅಂಕಿಗಳಿಂದ ರೋಗಿಗಳನ್ನು ವಿಂಗಡಿಸಿ, ನಿರ್ಣಯವನ್ನು ಮೊಹರು ಹಾಕಿದ ಲಕೋಟೆಯೊಳಗೆ ಅಡಗಿಸಿದನು. ಎದೆಯ ಛಾಯಾಚಿತ್ರಗಳನ್ನು ಪರೀಕ್ಷಿಸಿದವರಿಗೆ ಯಾರಿಗೆ ಮದ್ದು ಸಂದಿದೆಯೆಂಬುದು ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಬರಿಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಮಂದಿಯೂ ತೀರಿಕೊಂಡರು. ಮದ್ದು ಆಗ ಎಲ್ಲರಿಗೆ ಸಾಲುವಷ್ಟು ಇರಲಿಲ್ಲ. ಆದುದರಿಂದಲೇ ಚೀಟಿಯು ಅನ್ಯಾಯವೆನಿಸಲಿಲ್ಲ. ಹುಬ್ಬಳ್ಳಿಯಲ್ಲಿಯಾದರೋ ಸೂಜಿ ಬೇಡಿ ಬಾಗಿಲಿಗೆ ಬಂದ ತಾಯಿಯನ್ನು ಚೀಟಿ ತೋರಿಸಿ ಹಿಂದಕ್ಕೆ ಕಳುಹಿಸುವವರು ಯಾರು?