ಬಿಯರಿನೊಳಗಿನ ಗೋವಿನಜೋಳ

ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ಬಣ್ಣ ನೋಡಿ ದರ ಕಟ್ಟತಾರ. ರಾಣೆಬೆನ್ನೂರಿಗೆ ಒಯ್ಯೋ ನಮ್ಮ ಗೋವಿನಜೋಳದ್ದು ಹಂಗಲ್ಲ. ಪಿಷ್ಟವಾಗಿ, ಸಕ್ಕರೆ ಪಾಕವಾಗಿ ಒಮ್ಮೆ ಬಿಯರ್ ಬಾಟಲಿ ಸೇರಿತಂದ್ರ ಕಣ್ಣಿಗೂ ಕಾಣಂಗಿಲ್ಲ, ನಾಲಿಗೆಗೂ ಸಿಗಂಗಿಲ್ಲ.

1516ರಲ್ಲಿ ಜರ್ಮನಿಯ ಬವೇರಿಯಾದಾಗ ಬಿಯರಿಗೆ ಬಾರ್ಲಿ, ಹಾಪ್ಸ್ ಹೂವು, ನೀರು ಇಷ್ಟೇ ಅಂತ ಕಟ್ಟಳೆ ಮಾಡಿದ್ರು. ಬೆರಕೆಯನ್ನ ಬಾಟಲಿಯಿಂದಲೇ ಪತ್ತೆ ಹಚ್ಚೋ ದಾರಿ ತೆರೆದದ್ದು ನಾಲ್ಕೂವರೆ ಶತಮಾನ ಆದಮ್ಯಾಲೆ, ಅದೂ ಕಬ್ಬಿನಿಂದ! 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್, ಸ್ಲ್ಯಾಕ್ ಇಬ್ಬರೂ ಕಬ್ಬಿನ ಎಲೆ ಗಾಳಿಯಿಂದ ಇಂಗಾಲ ಹಿಡಿಯೋ ರೀತಿನೇ ಬೇರೆ ಅಂತ ವಿವರಿಸಿದ್ರು. ಗೋವಿನಜೋಳ, ಬಿಳಿಜೋಳ, ರಾಗಿದೂ ಅದೇ ರೀತಿ.

ಇಂಗಾಲದಾಗ ಹಗುರ, ಭಾರ ಅಂತ ಎರಡು ಅದಾವು. ಈ ಬೆಳೆಗಳ ಮೈಯಾಗ ಭಾರದ್ದು ಬಾರ್ಲಿಗಿಂತ ಚೂರು ಜಾಸ್ತಿ. ಪ್ರಯೋಗಾಲಯದ ಅಳತೆಯಾಗ ಬಾರ್ಲಿ ಮೈನಸ್ 27ರ ಸುತ್ತ, ಗೋವಿನಜೋಳ ಮೈನಸ್ 12ರ ಸುತ್ತ. ಬಿಯರ್ ಇವೆರಡರ ನಡುವೆ ನಿಂತರೆ ಬೆರಕೆ ಆಗೇತಿ ಅಂತನ ಅರ್ಥ. ಕುದಿಸಿದ್ರೂ, ಹುದುಗು ಬಂದ್ರೂ ಆ ಗುರುತು ಹೋಗಂಗಿಲ್ಲ. 2002ರಲ್ಲಿ ಅಮೆರಿಕದ ಸಂಶೋಧಕರು, ಆಮೇಲೆ ಬ್ರೆಜಿಲ್‌ದವರು ಅಂಗಡಿ ಬಿಯರ್ ತಂದು ಹಿಂಗ ನೋಡಿದ್ರು. ಬಹಳಷ್ಟರಾಗ ಆ ಗುರುತು ಸಿಕ್ತು. ಆದರ ಅದು ಗೋವಿನಜೋಳನೋ ಕಬ್ಬಿನ ಸಕ್ಕರೆನೋ ಅಂತ ಈ ಅಳತೆ ಹೇಳಂಗಿಲ್ಲ. ಅಕ್ಕಿ ಹಾಕಿದ್ರಂತೂ ತಪ್ಪಿಸ್ಕೊಂಡಂಗ, ಯಾಕಂದ್ರ ಅದು ಬಾರ್ಲಿ ಗುಂಪಿಂದು.

ಇದಕ್ಕ 'ಅಗ್ಗದ ಕಾಳಿನ ಕಲಬೆರಕೆ' ಅಂತಾರಲ್ಲ, ಅದು ನನಗ ಚುಚ್ಚತೈತಿ. ಗೋವಿನಜೋಳ ವಿಷ ಅಲ್ರೀ, ಹೆಸರು ಮುಚ್ಚಿಡೋದು ತಪ್ಪು. ಹಾಕ್ರಿ, ಲೇಬಲ್ ಮ್ಯಾಲೆ ಬರೀರಿ. ನಮ್ಮ ಕಾಳು ಒಳಗಿದ್ದು, ಹೊರಗ ಬಾರ್ಲಿ ತೆನಿ ಚಿತ್ರ ಅಷ್ಟೇ ಯಾಕ?