ಗ್ರಿಫಿನ್‌ನ ಮೊಣಕಾಲು

2012ರಲ್ಲಿ ರಾಬರ್ಟ್ ಗ್ರಿಫಿನ್ ಎಂಬ ಹುಡುಗನಿಗಾಗಿ ಅಮೆರಿಕನ್ ಫುಟ್‌ಬಾಲ್‌ನ ವಾಷಿಂಗ್ಟನ್ ತಂಡ, ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿನ ತನ್ನ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು, ಮೇಲೊಂದು ಎರಡನೇ ಸುತ್ತಿನದನ್ನೂ ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟಿತು. ನನ್ನನ್ನು ಕೇಳಿದರೆ, ದುಬಾರಿ ವ್ಯಾಪಾರವೇ. ಆದರೆ ಆ ವರ್ಷ ಅವನ ಆಟ ನೋಡಬೇಕಿತ್ತು! ಚೆಂಡನ್ನು ಪಕ್ಕದವನಿಗೆ ಕೊಡುತ್ತಾನೋ, ತಾನೇ ಓಡುತ್ತಾನೋ ಎದುರಾಳಿಗೆ ತಿಳಿಯುತ್ತಿರಲಿಲ್ಲ. ಚೆಂಡು ಎಸೆಯುವುದೇ ಮುಖ್ಯ ಕೆಲಸವಾದ ಕ್ವಾರ್ಟರ್‌ಬ್ಯಾಕ್ ಆಗಿದ್ದೂ ಓಡಿಯೇ 815 ಗಜ ಗಳಿಸಿದ.

2013ರ ಜನವರಿ 6, ಸಿಯಾಟಲ್ ವಿರುದ್ಧ ಪ್ಲೇಆಫ್. ಮೊದಲೇ ನೊಂದಿದ್ದ ಬಲ ಮೊಣಕಾಲಿಗೆ ಬ್ರೇಸ್ ಕಟ್ಟಿಕೊಂಡು ಕುಂಟುತ್ತಲೇ ಆಡಿದ. ಕೋಚ್ ಮೈಕ್ ಶನಹಾನ್ ಹೊರಗೆ ಕರೆಯಲಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ, ನೆಲಕ್ಕೆ ಉರುಳಿದ ಚೆಂಡಿಗೆ ಬಾಗುವಾಗ ಕಾಲು ತಿರುಚಿ ಕುಸಿದ. ಶಸ್ತ್ರಚಿಕಿತ್ಸೆಯಾಯಿತು, ಆ ಓಟ ಮರಳಲಿಲ್ಲ. 2012ರ ಅದೇ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ತಂದುಕೊಂಡಿದ್ದ ಕರ್ಕ್ ಕಸಿನ್ಸ್ 2015ರಲ್ಲಿ ಅವನ ಜಾಗದಲ್ಲಿ ನಿಂತ.